ಮಾರುವವರ ದೂರಿಗೂ ಒಂದು ಬಾಗಿಲು ಬೇಕು: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ,
ಭಾರತೀಯ ರಿಸರ್ವ್ ಬ್ಯಾಂಕ್, ಶಹೀದ್ ಭಗತ್ ಸಿಂಗ್ ಮಾರ್ಗ, ಫೋರ್ಟ್, ಮುಂಬೈ

ನಮಸ್ಕಾರ.

ನಾನು ಡೊಂಬಿವಲಿಯಲ್ಲಿರುವವಳು. ತವರು ಧಾರವಾಡ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಒಂಬತ್ತು ವರ್ಷದಿಂದ ಕಸೂತಿ ಹಾಕಿದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ದುಪಟ್ಟಾ ಇವನ್ನೆಲ್ಲ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಕಸೂತಿ ಹಾಕುವವರು ಧಾರವಾಡದಲ್ಲಿರುವ ನನ್ನ ಅತ್ತಿಗೆ ಮತ್ತು ಅವರ ಓಣಿಯ ಐದು ಜನ ಹೆಂಗಸರು. ಫೋಟೋ, ಲೆಕ್ಕ, ಪಾರ್ಸೆಲ್ ನನ್ನ ಕೆಲಸ. ಕೊಳ್ಳುವವರಲ್ಲಿ ಅರ್ಧದಷ್ಟು ಜನ ಹೊರದೇಶದಲ್ಲಿರುವ ಕನ್ನಡದವರು, ಮರಾಠಿಯವರು. ಮಗಳ ಸೀಮಂತಕ್ಕೆ ಅಂತ, ಅಮ್ಮನ ಹಳೇ ಸೀರೆ ಥರದ್ದೇ ಬೇಕು ಅಂತ ಕೇಳಿಕೊಂಡು ಬರುತ್ತಾರೆ.

ಈ ಪತ್ರಕ್ಕೆ ಕಾರಣ ಒಂದು ಸೀರೆ.

2025ರ ಜನವರಿಯಲ್ಲಿ ನ್ಯೂಜೆರ್ಸಿಯಿಂದ ಒಬ್ಬರು ಕಪ್ಪು ಇಳಕಲ್ ಸೀರೆ ತಗೊಂಡರು. ಸೆರಗಿನ ತುಂಬ ತೇರು, ಆನೆ, ತುಳಸಿಕಟ್ಟೆ. ಒಡಲಿಗೆ ಚಿಕ್ಕಿ. ಅತ್ತಿಗೆ ಎರಡೂವರೆ ತಿಂಗಳು ಕೂತು ಹಾಕಿದ ಕಸೂತಿ. ಬೆಲೆ 320 ಡಾಲರ್. ಪಾರ್ಸೆಲ್ ಹನ್ನೊಂದು ದಿನದಲ್ಲಿ ತಲುಪಿತು. ತುಂಬಾ ಚೆನ್ನಾಗಿದೆ ಅಂತ ಅವರೇ ಮೆಸೇಜ್ ಹಾಕಿದರು. ಏಪ್ರಿಲ್‌ನಲ್ಲಿ, ನನ್ನ ಪರವಾಗಿ ಹಣ ಪಡೆದುಕೊಡುವ ಕಂಪನಿಯಿಂದ ಇಮೇಲ್ ಬಂತು. ಕೊಂಡವರು ತಕರಾರು ಹಾಕಿದ್ದಾರೆ, ಇದು ಕೈ ಕಸೂತಿ ಅಲ್ಲ, ಮಷೀನ್ ಕೆಲಸ ಅನ್ನುತ್ತಿದ್ದಾರೆ, ಏಳು ದಿನದೊಳಗೆ ಪುರಾವೆ ಕೊಡಿ ಅಂತ.

ಕಸೂತಿ ಬಲ್ಲವರಿಗೆ ಇದು ಎರಡು ನಿಮಿಷದ ವಿಷಯ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡು ಸೂಜಿ ಚುಚ್ಚುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಿಸುತ್ತದೆ. ಹಾಗಾಗಿ ಒಳಮೈ, ಹೊರಮೈ ಎರಡೂ ಒಂದೇ ಥರ ಕಾಣುತ್ತವೆ. ಮಷೀನ್ ಕೆಲಸವಾದರೆ ಹಿಂದುಗಡೆ ಬಾಬಿನ್ ದಾರ ಕಂಡೇ ಕಾಣುತ್ತದೆ. ಪಾರ್ಸೆಲ್ ಕಟ್ಟುವ ಮುಂಚೆ ತೆಗೆದಿಟ್ಟಿದ್ದ ಒಳಮೈಯ ಫೋಟೋ ಕಳಿಸಿದೆ. ಅತ್ತಿಗೆ ಅದೇ ಸೆರಗಿನ ಮೇಲೆ ಕಸೂತಿ ಹಾಕುತ್ತಿರುವ ವಿಡಿಯೋ, ಸೀರೆ ನೇಯ್ದವರ ಬಿಲ್ಲು, ಟ್ರ್ಯಾಕಿಂಗ್ ಕಾಗದ, ಕೊಂಡವರದೇ ಮೆಸೇಜ್ ಎಲ್ಲ ಕಳಿಸಿದೆ. ಒಟ್ಟು ಹದಿನೇಳು ಫೈಲ್.

ಉತ್ತರ ಎರಡು ಸಾಲು. ಪರಿಶೀಲಿಸಿದ್ದೇವೆ, ತೀರ್ಮಾನ ಕೊಂಡವರ ಪರವಾಗಿದೆ. ಯಾಕೆ ಅಂತ ಒಂದು ಮಾತಿಲ್ಲ. 320 ಡಾಲರ್ ಕಡಿತವಾಯಿತು, ಅದರ ಮೇಲೆ ತಕರಾರಿನ ಶುಲ್ಕ. ಜೂನ್‌ನಲ್ಲಿ ಸೀರೆ ವಾಪಸ್ ಬಂತು. ಬಿಚ್ಚಿ ನೋಡಿದರೆ ಫಾಲ್ ಹಚ್ಚಿ, ಪಿಕೋ ಮಾಡಿಸಿದ್ದರು. ನಿರಿಗೆ ಸಿಕ್ಕಿಸುವ ಜಾಗದಲ್ಲಿ ಅರಿಶಿನದ ಕಲೆ. ಉಟ್ಟ ಸೀರೆ ಅದು. ಆ ಫೋಟೋವನ್ನೂ ಕಳಿಸಿದೆ. ಈ ಪ್ರಕರಣ ಮುಗಿದಿದೆ ಅಂತ ತಾನಾಗೇ ಬರುವ ಉತ್ತರ ಬಂತು, ಅಷ್ಟೇ.

ಅತ್ತಿಗೆಯ ಕೂಲಿ ನಾನು ಕೊಟ್ಟೆ. ಅವರ ತಪ್ಪೇನು?

ಆ ನ್ಯೂಜೆರ್ಸಿಯವರನ್ನು ನಾನು ಕಳ್ಳರು ಅನ್ನುವುದಿಲ್ಲ. ಯಾರೋ ಪರಿಚಯದವರು ಇದು ಮಷೀನ್‌ದು ಅಂದಿರಬಹುದು, ಇವರು ನಂಬಿರಬಹುದು. ನನ್ನ ನೋವು ಬೇರೆ. ನನ್ನ ಪುರಾವೆಯನ್ನು ಯಾರಾದರೂ ಕಣ್ಣಿಟ್ಟು ನೋಡಿದರಾ, ನೋಡಿದ್ದರೆ ಅದರಲ್ಲಿ ಏನು ಕಡಿಮೆ ಬಿತ್ತು, ಇದನ್ನು ಕೇಳುವುದಕ್ಕೆ ನನಗೊಂದು ಜಾಗ ಇಲ್ಲ. ಆವತ್ತಿನಿಂದ ನಾನು ಕೂತು ಓದಲು ಶುರು ಮಾಡಿದೆ. ಯಾವ ದೇಶದಲ್ಲಿ ಮಾರುವವರಿಗೆ ಏನು ರಕ್ಷಣೆ ಇದೆ ಅಂತ. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಕೊಳ್ಳುವವರ ವಿಷಯ. ಅವರಿಗೆ ಕಾನೂನು ಹಳೆಯದು, ಗಟ್ಟಿಯಾದದ್ದು. ಅಮೆರಿಕದಲ್ಲಿ 1974ರಲ್ಲೇ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಬಂತು. ಬ್ಯಾಂಕು ಕ್ರೆಡಿಟ್ ಕಾರ್ಡ್ ಬಿಲ್ ಕಳಿಸಿದ 60 ದಿನದೊಳಗೆ ತಕರಾರು ಬರೆದು ತಲುಪಿಸಿದರೆ ಬ್ಯಾಂಕು ವಿಚಾರಣೆ ಮಾಡಲೇಬೇಕು. ಕಾರ್ಡ್ ಕಳವಾಗಿ ಬೇರೆಯವರು ಬಳಸಿದರೆ ಗ್ರಾಹಕರ ಮೇಲೆ ಬೀಳುವ ಹೊರೆ ಹೆಚ್ಚೆಂದರೆ 50 ಡಾಲರ್. ಅದೇ ವರ್ಷ ಬ್ರಿಟನ್‌ನಲ್ಲಿ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್ ಬಂತು. ಅದರ 75ನೇ ಸೆಕ್ಷನ್ ಪ್ರಕಾರ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್‌ವರೆಗಿನ ವಸ್ತುವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡು ಮೋಸವಾದರೆ ಅಂಗಡಿಯ ಜೊತೆ ಕಾರ್ಡ್ ಕೊಟ್ಟವರೂ ಹೊಣೆ. ಯುರೋಪ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ವಸ್ತುಗಳನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಇದೆಲ್ಲ ಇರಲೇಬೇಕು. ನಾನೂ ಆನ್‌ಲೈನ್‌ನಲ್ಲಿ ಕೊಳ್ಳುವವಳೇ.

ಮಾರುವವರ ಕಡೆ ಬಂದರೆ ಕಥೆ ಬದಲಾಗುತ್ತದೆ. ಸೆಲ್ಲರ್ ಪ್ರೊಟೆಕ್ಷನ್, ಅಂದರೆ ಮಾರುವವರ ರಕ್ಷಣೆ ಅನ್ನುವ ಮಾತು ಹೆಚ್ಚಾಗಿ ಸಿಗುವುದು ಕಂಪನಿಯ ಕರಾರಿನಲ್ಲಿ, ಕಾನೂನಿನ ಪುಸ್ತಕದಲ್ಲಲ್ಲ. ಆ ಕರಾರು ದೇಶಕ್ಕೊಂದು ಥರ ಇರುತ್ತದೆ. ಆನ್‌ಲೈನ್‌ನಲ್ಲಿ ಹಣ ಪಡೆದುಕೊಡುವ ಕಂಪನಿಗಳಲ್ಲಿ ಎಲ್ಲರೂ ಬಲ್ಲ ಪೇಪಾಲ್‌ನ್ನೇ ತಗೊಳ್ಳಿ. ಪಾರ್ಸೆಲ್ ಬರಲಿಲ್ಲ ಅಂತ ದೂರು ಬಂದರೆ, ಅಥವಾ ಈ ಪಾವತಿ ನಾನು ಮಾಡಿದ್ದೇ ಅಲ್ಲ ಅಂದರೆ, ಅಲ್ಲಿ ಮಾರುವವರಿಗೆ ರಕ್ಷಣೆ ಇದೆ. ಅದಕ್ಕೆ ಪಾವತಿಯ ಪುಟದಲ್ಲಿದ್ದ ವಿಳಾಸಕ್ಕೇ ಕಳಿಸಿರಬೇಕು, ಕಳಿಸಿದ್ದಕ್ಕೆ ಪುರಾವೆ ಬೇಕು. 750 ಡಾಲರ್ ದಾಟಿದರೆ ಪಡೆದವರ ಸಹಿಯೂ ಬೇಕು. ಆದರೆ ವಸ್ತು ಹೇಳಿದ ಹಾಗಿಲ್ಲ ಅನ್ನುವ ದೂರಿಗೆ ಆ ರಕ್ಷಣೆ ಇಲ್ಲ. ಕೈಯಿಂದ ಮಾಡಿದ ಸಾಮಾನು ಮಾರುವವರಿಗೆ ಜಾಸ್ತಿ ಬರುವುದೇ ಆ ದೂರು. ಒಂದು ಎಳೆ ಆಚೀಚೆ ಆದರೂ, ಫೋನಿನ ಪರದೆಯಲ್ಲಿ ಬಣ್ಣ ಬೇರೆ ಕಂಡರೂ ಹೇಳಿದ ಹಾಗಿಲ್ಲ ಅನ್ನಬಹುದು. ಕೊಂಡವರು ತಕರಾರು ಹಾಕುವುದಕ್ಕೆ ಅಲ್ಲಿ 180 ದಿನ. ಆರು ತಿಂಗಳಲ್ಲಿ ಅದೇ ಸೀರೆ ಎಷ್ಟು ಮದುವೆ ನೋಡಬಹುದು, ನೀವೇ ಯೋಚನೆ ಮಾಡಿ.

ಒಟಿಪಿಯ ವಿಷಯದಲ್ಲೂ ಹೀಗೇ. ನಿಮ್ಮ ಬ್ಯಾಂಕಿನ ಆದೇಶದಿಂದ 2009ರ ಆಗಸ್ಟ್‌ನಿಂದಲೇ ನಮ್ಮಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯವಾಯಿತು. ಅದೊಂದು ದೊಡ್ಡ ಕೆಲಸ, ಮನಸಾರೆ ಹೇಳುತ್ತೇನೆ. ಯುರೋಪ್‌ನಲ್ಲಿ ಅಂಥ ನಿಯಮ 2019ರ ಸೆಪ್ಟೆಂಬರ್ 14ರಿಂದ ಜಾರಿಗೆ ಬಂತು. ಅಮೆರಿಕದಲ್ಲಿ ಅಂಥ ಕಡ್ಡಾಯವೇ ಇಲ್ಲ. ಇದರಿಂದ ನನಗೆ ಏನಾಗುತ್ತದೆ ನೋಡಿ. ಬರ್ಲಿನ್‌ನಿಂದ ಕೊಂಡವರು ತಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಿ ಹಣ ಕಟ್ಟಿದರೆ, ನಾಳೆ ಇದು ನಾನಲ್ಲ ಅಂದಾಗ ನಷ್ಟ ಸಾಮಾನ್ಯವಾಗಿ ಅವರ ಬ್ಯಾಂಕಿನದು. ಅಮೆರಿಕದಿಂದ ಬರೀ ಕಾರ್ಡ್ ನಂಬರ್ ಹಾಕಿ ಕೊಂಡವರು ಹಾಗೆ ಅಂದರೆ ನಷ್ಟ ನನ್ನದು. ಒಂದೇ ದಿನ, ಒಂದೇ ಅಂಚೆ ಕಚೇರಿಯಿಂದ ಹೊರಟ ಎರಡು ಡಬ್ಬಿ. ಹೊಣೆ ಯಾರದು ಅನ್ನುವುದು ಮಾತ್ರ ಕೊಂಡವರ ಊರಿನ ಮೇಲೆ ಹೋಗುತ್ತದೆ.

ಕೆಲವು ದೇಶಗಳು ಮಾರುವವರ ಕಡೆಗೂ ತಿರುಗಿ ನೋಡಿವೆ. ನಾನು ತುಂಬಾ ಹೊತ್ತು ಓದಿದ್ದು ಜರ್ಮನಿಯ ಒಂದು ತೀರ್ಪಿನ ಬಗ್ಗೆ. 2017ರ ನವೆಂಬರ್ 22ರಂದು ಅಲ್ಲಿನ ಫೆಡರಲ್ ನ್ಯಾಯಾಲಯ ಎರಡು ಪ್ರಕರಣಗಳಲ್ಲಿ ತೀರ್ಪು ಕೊಟ್ಟಿತು. ಒಂದರಲ್ಲಿ ಮೊಬೈಲ್ ಇದ್ದ ಪಾರ್ಸೆಲ್ ದಾರಿಯಲ್ಲಿ ಕಳೆದುಹೋಗಿತ್ತು. ಇನ್ನೊಂದರಲ್ಲಿ ಗರಗಸದ ಯಂತ್ರ ನಕಲಿ ಅಂತ ಕೊಂಡವರು ದೂರಿದ್ದರು. ಎರಡರಲ್ಲೂ ಪೇಪಾಲ್ ಹಣವನ್ನು ಕೊಂಡವರಿಗೆ ವಾಪಸ್ ಕೊಟ್ಟಿತ್ತು. ಮಾರಿದವರು ಕೋರ್ಟಿಗೆ ಹೋದರು. ಕಂಪನಿ ತನ್ನ ನಿಯಮದ ಪ್ರಕಾರ ಹಣ ವಾಪಸ್ ಮಾಡಿದ ಮಾತ್ರಕ್ಕೆ ಮಾರಿದವರ ಹಕ್ಕು ಮುಗಿಯುವುದಿಲ್ಲ, ಬೆಲೆ ಕೇಳುವ ಅವರ ಹಕ್ಕು ಮತ್ತೆ ಜೀವ ಪಡೆಯುತ್ತದೆ ಅಂತ ನ್ಯಾಯಾಲಯ ಹೇಳಿತು. ಕಂಪನಿಯ ತೀರ್ಮಾನ ಬೇರೆ, ಕಾನೂನಿನ ತೀರ್ಪು ಬೇರೆ. ಇದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಸಮಾಧಾನದಿಂದ ನಿದ್ದೆ ಬಂತು. ಆದರೆ ಬೆಳಗ್ಗೆ ಎದ್ದಾಗ ಅದೇ ಪ್ರಶ್ನೆ. 320 ಡಾಲರ್‌ಗೋಸ್ಕರ ಡೊಂಬಿವಲಿಯ ಹೆಂಗಸು ನ್ಯೂಜೆರ್ಸಿಯಲ್ಲಿ ವಕೀಲರನ್ನು ಇಡೋಕೆ ಆಗುತ್ತದಾ?

ಆಸ್ಟ್ರೇಲಿಯಾದಲ್ಲಿ ಅನ್ಯಾಯದ ಕರಾರಿನ ವಿರುದ್ಧದ ಕಾನೂನು 2016ರ ನವೆಂಬರ್‌ನಿಂದ ಸಣ್ಣ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. 2024ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಪೇಪಾಲ್‌ನ ಒಂದು ಷರತ್ತನ್ನು ಅನ್ಯಾಯದ್ದು ಅಂತ ಹೇಳಿತು. ಕಂಪನಿ ತಪ್ಪಾಗಿ ಶುಲ್ಕ ಹಿಡಿದರೂ 60 ದಿನದೊಳಗೆ ವ್ಯಾಪಾರಿ ಹೇಳದಿದ್ದರೆ ಆ ಹಣ ಹೋಯಿತು ಅನ್ನುವ ಷರತ್ತು ಅದು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅನ್ಯಾಯದ ಕರಾರು ಅನ್ನುವ ಮಾತಿದೆ. ಆದರೆ ಅದು ಗ್ರಾಹಕರಿಗೆ. ಕಂಪನಿಯ ಸೇವೆ ಪಡೆದು ವ್ಯಾಪಾರ ಮಾಡುವ ನಾನು ಆ ಮಾತಿನೊಳಗೆ ಸುಲಭವಾಗಿ ಸೇರುವುದಿಲ್ಲ.

ಯುರೋಪ್‌ನಲ್ಲಿ 2020ರ ಜುಲೈ 12ರಿಂದ ಜಾರಿಯಲ್ಲಿರುವ ಇನ್ನೊಂದು ನಿಯಮ ಇದೆ. ಆನ್‌ಲೈನ್ ಮಾರುಕಟ್ಟೆ ಒಬ್ಬ ವ್ಯಾಪಾರಿಯ ಖಾತೆ ನಿಲ್ಲಿಸಿದರೆ ಕಾರಣವನ್ನು ಬರೆದು ಕೊಡಬೇಕು. ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮುಂಚೆ ತಿಳಿಸಬೇಕು. ಇದು ಹಣ ಪಾವತಿಯ ಸೇವೆಗಳಿಗೆ ಅನ್ವಯಿಸುವುದಿಲ್ಲ, ಯುರೋಪ್‌ನಲ್ಲಿ ನೆಲೆ ಇರುವ ವ್ಯಾಪಾರಿಗಳಿಗೆ ಮಾತ್ರ ಸಿಗುತ್ತದೆ. ಹಾಗಿದ್ದರೂ ಕಾರಣ ಬರೆದು ಕೊಡಿ ಅನ್ನುವುದನ್ನು ಒಂದು ಕಾನೂನಿನಲ್ಲಿ ಹಾಕಬಹುದು ಅಂತ ಅವರು ತೋರಿಸಿದ್ದಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬ್ರಿಟನ್‌ನ ದಾರಿ. ಅಲ್ಲಿ ಹಣಕಾಸು ಸಂಸ್ಥೆಗಳ ಮೇಲಿನ ದೂರು ಕೇಳಿ ತೀರ್ಮಾನ ಹೇಳುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಜನಸಾಮಾನ್ಯರ ಜೊತೆ ಸಣ್ಣ ವ್ಯಾಪಾರಿಗಳೂ ದೂರು ಕೊಡಬಹುದು. 2019ರ ಏಪ್ರಿಲ್‌ನಲ್ಲಿ ಆ ಬಾಗಿಲನ್ನು ಇನ್ನೂ ಅಗಲ ಮಾಡಿದರು. ವರ್ಷಕ್ಕೆ 65 ಲಕ್ಷ ಪೌಂಡ್‌ಗಿಂತ ಕಡಿಮೆ ವಹಿವಾಟು, 50ಕ್ಕಿಂತ ಕಡಿಮೆ ಕೆಲಸಗಾರರು ಇರುವ ವ್ಯಾಪಾರ ಅದರೊಳಗೆ ಬರುತ್ತದೆ. ವಕೀಲರು ಬೇಡ, ಕೋರ್ಟಿನ ಶುಲ್ಕ ಬೇಡ. ಲೆಸ್ಟರ್‌ನಲ್ಲಿ ಕೂತು ನನ್ನ ಹಾಗೇ ಸೀರೆ ಮಾರುವ ಹೆಂಗಸಿಗೆ ಹೋಗಿ ಕೇಳುವುದಕ್ಕೆ ಒಂದು ಜಾಗ ಇದೆ.

ಈಗ ನಮ್ಮ ಮನೆಗೆ ಬರೋಣ. ನೀವು ಏನೂ ಮಾಡಿಲ್ಲ ಅಂತ ನಾನು ಹೇಳಲಾರೆ. 2017ರ ಜುಲೈ 6ರ ನಿಮ್ಮ ಸುತ್ತೋಲೆ ನಮ್ಮಂಥವರಿಗೆ ಎಷ್ಟು ಧೈರ್ಯ ಕೊಟ್ಟಿದೆ! ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಖಾತೆಯ ಹಣ ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. 2019ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ, ಯುಪಿಐನಲ್ಲಿ ಹಣ ಕಡಿತವಾಗಿ ಅಂಗಡಿಯವರಿಗೆ ಖಾತ್ರಿ ತಲುಪದಿದ್ದರೆ ಐದು ದಿನದಲ್ಲಿ ವಾಪಸ್, ತಡವಾದರೆ ದಿನಕ್ಕೆ 100 ರೂಪಾಯಿ ಅಂತ ಬರೆದಿರಿ. ದಿನ ಎಷ್ಟು, ರೂಪಾಯಿ ಎಷ್ಟು, ಎಲ್ಲ ಸ್ಪಷ್ಟ. ಅಂಥ ಸ್ಪಷ್ಟ ಮಾತನ್ನೇ ನಾವು ಕೇಳುತ್ತಿರುವುದು.

ಹೊರದೇಶದ ಹಣ ಆನ್‌ಲೈನ್‌ನಲ್ಲಿ ಬರುವ ದಾರಿಯನ್ನೂ ನೀವು ಅಗಲ ಮಾಡುತ್ತಲೇ ಬಂದಿದ್ದೀರಿ. 2010ರಲ್ಲಿ ಒಂದು ಸಲಕ್ಕೆ 500 ಡಾಲರ್ ಮಿತಿ ಇತ್ತು. ಮುಂದಿನ ವರ್ಷ 3,000 ಆಯಿತು, 2013ರಲ್ಲಿ 10,000. 2023ರ ಅಕ್ಟೋಬರ್ 31ರ ಸುತ್ತೋಲೆಯಲ್ಲಿ ಹೊರದೇಶದ ಪಾವತಿ ನಡೆಸುವ ಕಂಪನಿಗಳು ನಿಮ್ಮ ಅನುಮತಿ ಪಡೆಯಬೇಕು ಅಂತ ಹೇಳಿ, ಒಂದು ವಸ್ತುವಿಗೆ 25 ಲಕ್ಷ ರೂಪಾಯಿವರೆಗೆ ಬಿಟ್ಟಿರಿ. ದಾರಿ ಅಗಲವಾಗಿದೆ. ಆ ದಾರಿಯಲ್ಲಿ ನಡೆಯುವ ಸಣ್ಣ ವ್ಯಾಪಾರಿ ಬಿದ್ದರೆ ಯಾರು ಎತ್ತಬೇಕು ಅನ್ನುವ ಮಾತು ಮಾತ್ರ ಇನ್ನೂ ಬಾಕಿ ಇದೆ.

ಮಾರುವವರ ಪರವಾಗಿ ಹಣ ಪಡೆದುಕೊಡುವ ಕಂಪನಿಗಳಿಗೆ, ಅಂದರೆ ಪೇಮೆಂಟ್ ಅಗ್ರಿಗೇಟರ್‌ಗಳಿಗೆ, 2020ರ ಮಾರ್ಚ್‌ನಲ್ಲಿ ಮಾಡಿದ ನಿಯಮದಲ್ಲಿ ದೂರು, ಹಣ ವಾಪಸಾತಿ, ತಕರಾರು ಇವುಗಳಲ್ಲಿ ಯಾರ ಹೊಣೆ ಏನು ಅನ್ನುವುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು ಅಂದಿದ್ದೀರಿ. ಒಳ್ಳೆಯ ಮಾತು. ಆದರೆ ಸಾರ್, ಆ ಕರಾರು ಬರೆಯುವವರು ಯಾರು? ಕಂಪನಿಯವರು. ನಾನು ಅದರಲ್ಲಿ ಒಂದು ಅಕ್ಷರ ತಿದ್ದುವ ಹಾಗಿಲ್ಲ. ನನಗೆ ಬಂದದ್ದು ಇಂಗ್ಲಿಷ್‌ನಲ್ಲಿ ನಲವತ್ತಕ್ಕೂ ಜಾಸ್ತಿ ಪುಟ. ಒಪ್ಪಿದ್ದೇನೆ ಅಂತ ಒತ್ತದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಓಣಿಯ ಹೆಂಗಸರಿಗೆ ಇದನ್ನು ಹೇಗೆ ತಿಳಿಸಿ ಹೇಳಲಿ?

2021ರ ನವೆಂಬರ್ 12ರಂದು ನಿಮ್ಮ ಒಂದುಗೂಡಿಸಿದ ಓಂಬುಡ್ಸ್‌ಮನ್ ಯೋಜನೆ ಬಂತು. ಒಂದೇ ಕಡೆ ದೂರು, ಅದೂ ಶುಲ್ಕ ಇಲ್ಲದೆ. ಅದನ್ನು ನಾನು ಸಾಲು ಸಾಲಾಗಿ ಓದಿದ್ದೇನೆ. ಸಂಸ್ಥೆಯ ವಾಣಿಜ್ಯ ತೀರ್ಮಾನದ ಬಗ್ಗೆ ದೂರು ನಿಲ್ಲುವುದಿಲ್ಲ ಅಂತ ಅದರಲ್ಲಿ ಬರೆದಿದ್ದರು. ನನ್ನ 320 ಡಾಲರ್ ಕಡಿತ ಮಾಡಿದ್ದು ವಾಣಿಜ್ಯ ತೀರ್ಮಾನವಾ, ಸೇವೆಯ ಕೊರತೆಯಾ? ಕಾರಣ ಹೇಳದೆ, ಪುರಾವೆ ನೋಡಿದ್ದಕ್ಕೆ ಗುರುತಿಲ್ಲದೆ ಮಾಡಿದ ತೀರ್ಮಾನ ಸೇವೆಯ ಕೊರತೆ ಅಂತ ಒಂದೇ ಒಂದು ಸಾಲು ಸೇರಿಸಿದರೆ ಲಕ್ಷಾಂತರ ಜನರಿಗೆ ಬಾಗಿಲು ತೆರೆದ ಹಾಗೆ.

ಗಡುವಿನ ವಿಷಯವನ್ನೂ ಹೇಳಲೇಬೇಕು. 2025ರ ಆಗಸ್ಟ್ 25ರಿಂದ ಅಮೆರಿಕಕ್ಕೆ ಅಂಚೆ ಪಾರ್ಸೆಲ್ ನಿಂತುಹೋಯಿತು. ಅಲ್ಲಿನ ಸುಂಕದ ನಿಯಮ ಬದಲಾದದ್ದು ಕಾರಣ. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಆ ಏಳು ವಾರ ನನ್ನ ಎರಡು ಪಾರ್ಸೆಲ್ ದಾರಿಯಲ್ಲೇ ಸಿಕ್ಕಿಕೊಂಡವು. ಟ್ರ್ಯಾಕಿಂಗ್ ಪುಟ ಅಲ್ಲಾಡಲಿಲ್ಲ. ಕೊಂಡವರು ಬರಲಿಲ್ಲ ಅಂತ ತಕರಾರು ಹಾಕಿದರು, ಅದು ಅವರ ಹಕ್ಕು. ಆದರೆ ಏಳು ದಿನದ ಗಡುವು ನನಗೆ ಮಾತ್ರ ಓಡುತ್ತಿತ್ತು. ಎರಡು ಸರಕಾರಗಳ ನಡುವಿನ ವಿಷಯದಲ್ಲಿ ನಾನು ಏಳು ದಿನದಲ್ಲಿ ಯಾವ ಪುರಾವೆ ತರಲಿ?

ಇದು ಹೊರದೇಶಕ್ಕೆ ಮಾರುವವರ ಗೋಳು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಬೀದಿಯಲ್ಲಿ ಊಟದ ಅಂಗಡಿ ನಡೆಸುವ ಉಡುಪಿ ಕಡೆಯ ಅಣ್ಣ ಒಬ್ಬರಿದ್ದಾರೆ. ಯಾರೋ ಎರಡು ಊಟ ಮಾಡಿ ಯುಪಿಐನಲ್ಲಿ 240 ರೂಪಾಯಿ ಕಟ್ಟಿ ಹೋದರು. ಆ ಹಣ ಎಲ್ಲೋ ನಡೆದ ಮೋಸದ್ದಂತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೋದ ದೂರಿನ ಜಾಡು ಹಿಡಿದು ಇವರ ಖಾತೆ ನಿಂತುಹೋಯಿತು. ಮೂರು ವಾರ ತರಕಾರಿಯವರಿಗೆ, ಗ್ಯಾಸಿನವರಿಗೆ ಕೈಸಾಲ ಮಾಡಿ ಕೊಟ್ಟರು. ಯಾಕೆ ಅಂತ ಬ್ಯಾಂಕಿನಲ್ಲಿ ಕೇಳಿದರೆ ಪೊಲೀಸರನ್ನು ಕೇಳಿ ಅಂದರು. ಪೊಲೀಸರು ಬೇರೆ ರಾಜ್ಯದವರು.

ಸಣ್ಣವರನ್ನು ಕಾಯುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ, ಸಣ್ಣ ಉದ್ಯಮದಿಂದ ಸಾಮಾನು ಕೊಂಡವರು 45 ದಿನದೊಳಗೆ ಹಣ ಕೊಡಬೇಕು ಅಂತ ಇದೆ. ನೀವೇ 2025ರ ಅಕ್ಟೋಬರ್‌ನಲ್ಲಿ 10 ಲಕ್ಷ ರೂಪಾಯಿವರೆಗಿನ ರಫ್ತು ಬಿಲ್ಲುಗಳ ಲೆಕ್ಕವನ್ನು ರಫ್ತು ಮಾಡಿದವರ ಸ್ವಂತ ಘೋಷಣೆಯ ಮೇಲೆ ಮುಗಿಸಬಹುದು ಅಂದಿರಿ. ಸಣ್ಣವರ ಮಾತನ್ನು ನಂಬಿದಿರಿ. ಅದಕ್ಕೇ ನಿಮಗೆ ಬರೆಯುವ ಧೈರ್ಯ ಬಂತು.

ನ್ಯೂಜೆರ್ಸಿಯ ಕಾನೂನನ್ನು ನೀವು ಬದಲಿಸಲಾರಿರಿ, ಅದು ನನಗೆ ಗೊತ್ತು. ಆದರೆ ಇಲ್ಲಿ ನಿಮ್ಮ ಅನುಮತಿ ಪಡೆದು ಕೆಲಸ ಮಾಡುವ ಕಂಪನಿಗೆ ನೀವು ಹೇಳಬಹುದು. ಮಾರುವವರ ವಿರುದ್ಧ ತೀರ್ಮಾನ ಮಾಡಿದರೆ ಯಾವ ಪುರಾವೆ ನೋಡಿದಿರಿ, ಯಾವುದನ್ನು ಯಾಕೆ ಒಪ್ಪಲಿಲ್ಲ ಅಂತ ಬರೆದು ಕೊಡಿ ಅಂತ ಹೇಳಿ. ಉತ್ತರಿಸಲು ಏಳು ದಿನ ಸಾಲದು. ಕೊಂಡವರಿಗೆ ತಿಂಗಳುಗಟ್ಟಲೆ ಸಿಗುವಾಗ ನಮಗೆ ಕಡೇ ಪಕ್ಷ 21 ದಿನ ಕೊಡಿಸಿ. ಅಂಚೆ ನಿಂತಂಥ ಸಮಯದಲ್ಲಿ ಗಡುವೂ ನಿಲ್ಲಲಿ. ವಾಪಸ್ ಬಂದ ವಸ್ತು ಹೇಗಿದೆ ಅಂತ ನೋಡದೆ ಪ್ರಕರಣ ಮುಚ್ಚಬಾರದು. ಕರಾರಿನ ಮುಖ್ಯ ಷರತ್ತುಗಳು ಎರಡು ಪುಟದಲ್ಲಿ, ಮಾರುವವರು ಓದಬಲ್ಲ ಭಾಷೆಯಲ್ಲಿ ಸಿಗಲಿ. ಕನ್ನಡದಲ್ಲೂ ಸಿಗಲಿ, ಮರಾಠಿಯಲ್ಲೂ ಸಿಗಲಿ. ಇಷ್ಟಾದ ಮೇಲೂ ಒಪ್ಪಿಗೆಯಾಗದಿದ್ದರೆ ನಿಮ್ಮ ಓಂಬುಡ್ಸ್‌ಮನ್ ನಮ್ಮ ಮಾತು ಕೇಳಲಿ. ತೀರ್ಪು ನನ್ನ ವಿರುದ್ಧ ಬಂದರೂ ಒಪ್ಪುತ್ತೇನೆ, ಯಾಕೆ ಅಂತ ಗೊತ್ತಾದರೆ ಸಾಕು.

ಹೋದ ತಿಂಗಳು ಅತ್ತಿಗೆ ಫೋನ್ ಮಾಡಿದ್ದರು. ಓಣಿಯಲ್ಲಿ ಇಬ್ಬರು ಹುಡುಗಿಯರು ಕಸೂತಿ ಕಲಿಯುತ್ತೇವೆ ಅಂತ ಬಂದಿದ್ದಾರಂತೆ. ದೊಡ್ಡ ಸೀರೆ ಹಾಕಿಸಲಾ, ಇಲ್ಲ ಸಣ್ಣ ದುಪಟ್ಟಾನೇ ಸಾಕಾ ಅಂತ ನನ್ನನ್ನು ಕೇಳಿದರು. ಸದ್ಯಕ್ಕೆ ದುಪಟ್ಟಾ ಸಾಕು ಅಂದೆ. ಹಾಗೆ ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆ ಕಪ್ಪು ಸೀರೆ ನನ್ನ ಬೀರುವಿನಲ್ಲಿದೆ, ಫಾಲ್ ಬಿಚ್ಚಿಲ್ಲ. ಹದಿನೇಳು ಫೈಲೂ ಇವೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೆ ಸಿಎಸ್‌ಎಂಟಿ, ಅಲ್ಲಿಂದ ನಿಮ್ಮ ಕಚೇರಿಗೆ ನಡೆದೇ ಬರಬಹುದು. ನಿಮ್ಮ ಕಡೆಯ ಯಾವ ಅಧಿಕಾರಿಯಾದರೂ ಹತ್ತು ನಿಮಿಷ ಕೊಟ್ಟರೆ ಸೀರೆ ತಂದು, ಒಳಮೈ ಹೊರಮೈ ಎರಡನ್ನೂ ಮೇಜಿನ ಮೇಲೆ ಹರಡಿ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡೊಂಬಿವಲಿಯಿಂದ ಸೀರೆ ಮಾರುವ ಒಬ್ಬ ಹೆಣ್ಣುಮಗಳು